ಕೆನಡಾದಲ್ಲಿ ಚಳಿ ಸಾಲದಾಗಿದೆ!

ಕೆನಡಾದ ರಾಜಧಾನಿ ಒಟ್ಟಾವದ ನಡುವೆ ರಿಡೋ ಎಂಬ ಕಾಲುವೆಯೊಂದು ಹಾದುಹೋಗುತ್ತದೆ. ಅಮೆರಿಕದೊಂದಿಗೆ ಮತ್ತೆ ಯುದ್ಧವಾದರೆ ಸೈನ್ಯವನ್ನೂ ಸರಕನ್ನೂ ಸಾಗಿಸಲು ಒಂದು ಸುರಕ್ಷಿತ ದಾರಿ ಇರಲೆಂದು ಬ್ರಿಟಿಷರು 1826ರಲ್ಲಿ ಅಗೆಯಲು ತೊಡಗಿ 1832ರಲ್ಲಿ ಮುಗಿಸಿದ ಕಾಲುವೆ ಇದು. ಆಮೇಲೆ ಯುದ್ಧವೇನೂ ಬರಲಿಲ್ಲ. ಕಾಲುವೆ ಮಾತ್ರ ಉಳಿಯಿತು. 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಆದರೆ ಒಟ್ಟಾವದ ಜನರಿಗೆ ಈ ಕಾಲುವೆ ಪ್ರಿಯವಾಗಿರುವುದು ಬೇರೆ ಕಾರಣಕ್ಕೆ. ಚಳಿಗಾಲದಲ್ಲಿ ಅದರ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯ ರಸ್ತೆಯಾಗುತ್ತದೆ. ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು ಮಕ್ಕಳು, ಮುದುಕರು, ಕಚೇರಿಗೆ ಹೊರಟ ಗುಮಾಸ್ತರು ಎಲ್ಲರೂ ಅದರ ಮೇಲೆ ಜಾರುತ್ತಾ ಸಾಗುತ್ತಾರೆ. 1970–71ರ ಚಳಿಗಾಲದಿಂದ ಪ್ರತಿವರ್ಷ 7.8 ಕಿಲೋಮೀಟರ್ ಉದ್ದದ ಈ ಸ್ಕೇಟಿಂಗ್ ದಾರಿಯನ್ನು ಸಾರ್ವಜನಿಕರಿಗೆ ತೆರೆಯಲಾಗುತ್ತಿತ್ತು. ಮಂಜುಗಡ್ಡೆಯ ದಪ್ಪ ಸುಮಾರು 30 ಸೆಂಟಿಮೀಟರ್ ಆಗಬೇಕು, ಆಮೇಲೆಯೇ ಜನರಿಗೆ ಪ್ರವೇಶ ಎಂಬುದು ಅಲ್ಲಿನ ನಿಯಮ.

2022–23ರ ಚಳಿಗಾಲದಲ್ಲಿ ಆ ದಪ್ಪ ಬರಲೇ ಇಲ್ಲ. ಜನ ಡಿಸೆಂಬರಿನಲ್ಲಿ ಕಾದರು, ಜನವರಿಯಲ್ಲಿ ಕಾದರು. ಫೆಬ್ರವರಿ ಕೊನೆಯಲ್ಲಿ ಅಧಿಕಾರಿಗಳು ಕೈಚೆಲ್ಲಿದರು. ಅರ್ಧ ಶತಮಾನದ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ದಿನವೂ ದಾರಿ ತೆರೆಯಲಿಲ್ಲ. ಮರುವರ್ಷ ತೆರೆಯಿತು, ಆದರೆ ಬಿಟ್ಟುಬಿಟ್ಟು ಒಟ್ಟು ಹತ್ತು ದಿನಗಳಷ್ಟೇ.

ಚಳಿ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದು ಬೆಚ್ಚಗಿನ ನಾಡಿನಲ್ಲಿರುವ ನಮಗೆ ಅನ್ನಿಸುವುದು ಸಹಜ. ಯೂಕಾನ್ ಪ್ರಾಂತದ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63 ಡಿಗ್ರಿ ಸೆಲ್ಸಿಯಸ್ ದಾಖಲಾದ ದೇಶ ಕೆನಡಾ. ಮನೆ ಬೆಚ್ಚಗಿಡಲು ಅಲ್ಲಿ ಸುಡುವ ಇಂಧನವೇ ಅಪಾರ. ಚಳಿ ಇಳಿದರೆ ಆ ಖರ್ಚು ಇಳಿಯುತ್ತದೆ, ರಸ್ತೆಯ ಹಿಮ ಗೋರುವ ಕೆಲಸ ತಪ್ಪುತ್ತದೆ. ಇದು ಸುಳ್ಳಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವೂ ಇದೆ. ಅದನ್ನು ತೆರೆಯುವ ಮೊದಲು, ನಿಜವಾಗಿಯೂ ಚಳಿ ಎಷ್ಟು ಕಡಿಮೆಯಾಗಿದೆ ಎಂಬುದನ್ನು ನೋಡೋಣ.

ಕೆನಡಾ ಸರ್ಕಾರದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1948ರಿಂದ 2016ರವರೆಗಿನ ಅವಧಿಯಲ್ಲಿ ಆ ದೇಶದ ವಾರ್ಷಿಕ ಸರಾಸರಿ ಉಷ್ಣತೆ 1.7 ಡಿಗ್ರಿ ಏರಿದೆ. ಇದು ಇಡೀ ಭೂಮಿಯ ಸರಾಸರಿ ಏರಿಕೆಯ ಸುಮಾರು ಎರಡರಷ್ಟು. ಈ ಏರಿಕೆಯನ್ನು ಋತುವಾರು ಹಂಚಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬೇಸಗೆ ಏರಿರುವುದು 1.5 ಡಿಗ್ರಿ. ಚಳಿಗಾಲ ಏರಿರುವುದು 3.3 ಡಿಗ್ರಿ! ಅಂದರೆ ಕೆನಡಾದಲ್ಲಿ ಬೇಸಗೆ ಬಿಸಿಯಾಗುತ್ತಿರುವುದಕ್ಕಿಂತ ಇಮ್ಮಡಿ ವೇಗದಲ್ಲಿ ಚಳಿಗಾಲ ತನ್ನ ಚಳಿಯನ್ನು ಕಳೆದುಕೊಳ್ಳುತ್ತಿದೆ. 2023–24ರ ಚಳಿಗಾಲವಂತೂ 1948ರಿಂದೀಚೆಗೆ ಅತ್ಯಂತ ಬೆಚ್ಚಗಿನದು ಎಂಬ ದಾಖಲೆ ಬರೆಯಿತು. ಆ ವರ್ಷ ಪೆಸಿಫಿಕ್ ಸಾಗರದ ಎಲ್ ನಿನೊ ಕೂಡ ಕೈಜೋಡಿಸಿತ್ತೆಂಬುದು ನಿಜ. ಆದರೆ ಎಲ್ ನಿನೊ ಬಂದು ಹೋಗುವ ಅತಿಥಿ. ಏರುತ್ತಿರುವ ಸರಾಸರಿ ಮನೆಯಲ್ಲೇ ನೆಲೆಸಿರುವಂಥದು.

ಚಳಿಗಾಲಕ್ಕೇ ಏಕೆ ಈ ಹೆಚ್ಚಿನ ಪೆಟ್ಟು? ಕಾರಣಗಳು ಮುಖ್ಯವಾಗಿ ಎರಡು.

ಮೊದಲನೆಯದು ಬಣ್ಣಕ್ಕೆ ಸಂಬಂಧಿಸಿದ್ದು. ಆಗತಾನೇ ಬಿದ್ದ ಬಿಳಿ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ ಎಂಬತ್ತರಿಂದ ತೊಂಬತ್ತು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಸುಣ್ಣ ಬಳಿದ ತಾರಸಿ ಬೇಸಗೆಯಲ್ಲಿ ತಂಪಾಗಿರುವುದೂ ಇದೇ ಕಾರಣಕ್ಕೆ. ಹಿಮ ಕರಗಿ ಕಪ್ಪು ನೆಲವೋ ಸಮುದ್ರದ ನೀರೋ ಕಂಡಿತೆನ್ನಿ, ಆಗ ಬಿಸಿಲಿನ ಬಹುಪಾಲು ಅಲ್ಲೇ ಹೀರಿಹೋಗುತ್ತದೆ. ನೆಲ ಬಿಸಿಯಾಗುತ್ತದೆ, ಪಕ್ಕದ ಹಿಮವೂ ಕರಗುತ್ತದೆ, ಇನ್ನಷ್ಟು ನೆಲ ಬಿಸಿಯಾಗುತ್ತದೆ. ಸಾಲದ ಬಡ್ಡಿಗೆ ಮತ್ತೆ ಬಡ್ಡಿ ಸೇರಿದ ಹಾಗೆ. ಸಮುದ್ರದ ಮೇಲಿನ ಮಂಜುಗಡ್ಡೆ ತೆಳುವಾದರಂತೂ, ಬೇಸಗೆಯಲ್ಲಿ ನೀರು ಕೂಡಿಟ್ಟುಕೊಂಡ ಶಾಖ ಚಳಿಗಾಲದಲ್ಲಿ ಮೇಲಿನ ಗಾಳಿಗೆ ಸುಲಭವಾಗಿ ಸೇರಿಕೊಳ್ಳುತ್ತದೆ.

ಎರಡನೆಯ ಕಾರಣ ಗಾಳಿಯ ಪದರಗಳದು. ಬೇಸಗೆಯಲ್ಲಿ ನೆಲದ ಬಳಿ ಕಾದ ಗಾಳಿ ಮೇಲೇರಿ ಬಹು ಎತ್ತರದವರೆಗೂ ಕಲಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ತಣ್ಣನೆಯ ಭಾರದ ಗಾಳಿ ನೆಲಕ್ಕೆ ಅಂಟಿಕೊಂಡು ತೆಳ್ಳನೆಯ ಪದರವಾಗಿ ಕುಳಿತಿರುತ್ತದೆ. ಒಂದು ಅಚ್ಚು ಬೆಲ್ಲವನ್ನು ಹಂಡೆ ನೀರಿಗೆ ಹಾಕಿದರೆ ಸಿಹಿ ಗೊತ್ತಾಗುವುದೇ ಇಲ್ಲ, ಅದನ್ನೇ ಚೊಂಬು ನೀರಿಗೆ ಹಾಕಿದರೆ ಪಾನಕವಾಗುತ್ತದೆ. ಕಾರ್ಬನ್ ಡೈ ಆಕ್ಸೈಡ್ ಹಿಡಿದಿಟ್ಟ ಹೆಚ್ಚಿನ ಶಾಖಕ್ಕೆ ಚಳಿಗಾಲದಲ್ಲಿ ಸಿಗುವುದು ಚೊಂಬು, ಬೇಸಗೆಯಲ್ಲಿ ಸಿಗುವುದು ಹಂಡೆ. ಕೈಗಾರಿಕೆಗಳು ಬೆಳೆಯುವ ಮುನ್ನ ವಾತಾವರಣದ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇದ್ದ ಈ ಅನಿಲ ಇಂದು 420ನ್ನು ದಾಟಿದೆ.

ಇನ್ನು ಹಿಮದ ಮಾತು. ಉಷ್ಣತೆ ಮೂರು ಡಿಗ್ರಿ ಏರಿತೆಂದರೆ ಎಲ್ಲ ಕಡೆಯೂ ಒಂದೇ ಪರಿಣಾಮವಲ್ಲ. ಉತ್ತರ ತುದಿಯಲ್ಲಿ ಮೈನಸ್ 30 ಇದ್ದದ್ದು ಮೈನಸ್ 27 ಆದರೆ ಹಿಮ ಹಿಮವಾಗಿಯೇ ಬೀಳುತ್ತದೆ. ತುಸು ಬೆಚ್ಚಗಾದ ಗಾಳಿ ಹೆಚ್ಚು ತೇವ ಹೊರಬಲ್ಲದಾದ್ದರಿಂದ ಕೆಲವೆಡೆ ಸ್ವಲ್ಪ ಹೆಚ್ಚೇ ಬಿದ್ದರೂ ಬಿದ್ದೀತು. ಆದರೆ ದಕ್ಷಿಣದ ಊರುಗಳಲ್ಲಿ ಎಷ್ಟೋ ದಿನಗಳು ಸೊನ್ನೆಯ ಆಸುಪಾಸಿನಲ್ಲೇ ಇರುತ್ತವೆ. ಅಲ್ಲಿ ಮೈನಸ್ 1 ಇದ್ದದ್ದು ಪ್ಲಸ್ 2 ಆದರೆ ಹಿಮ ಬೀಳಬೇಕಾದಲ್ಲಿ ಮಳೆ ಬೀಳುತ್ತದೆ. ಬಿದ್ದಿದ್ದ ಹಿಮವನ್ನೂ ಆ ಮಳೆ ತೊಳೆದುಕೊಂಡು ಹೋಗುತ್ತದೆ. ಅದೇ 2019ರ ವರದಿಯ ಪ್ರಕಾರ 1981ರಿಂದೀಚೆಗೆ ಕೆನಡಾದ ಬಹುಭಾಗದಲ್ಲಿ ನೆಲ ಹಿಮ ಹೊದ್ದಿರುವ ಕಾಲ ಹತ್ತು ವರ್ಷಕ್ಕೆ ಶೇಕಡಾ 5ರಿಂದ 10ರಷ್ಟು ಕಡಿಮೆಯಾಗುತ್ತ ಬಂದಿದೆ. ಹಿಮ ತಡವಾಗಿ ಬರುತ್ತದೆ, ಬೇಗ ಹೊರಡುತ್ತದೆ.

ಹಾಗೆಂದು ಹಿಮಪಾತ ನಿಂತೇಹೋಯಿತೆಂದು ತಿಳಿಯಬಾರದು. 2025ರ ಫೆಬ್ರವರಿಯಲ್ಲಿ ಟೊರಾಂಟೊ ನಗರ ಒಂದರ ಹಿಂದೊಂದು ಬಂದ ಹಿಮಬಿರುಗಾಳಿಗೆ ಸಿಕ್ಕಿ ತತ್ತರಿಸಿತು. ಅದೇ ಚಳಿಗಾಲದಲ್ಲಿ ರಿಡೋ ಕಾಲುವೆಯೂ ಐವತ್ತಕ್ಕೂ ಹೆಚ್ಚು ದಿನ ತೆರೆದಿತ್ತು. ಮಹಾಸರೋವರಗಳ ದಂಡೆಯ ಊರುಗಳಲ್ಲಿ ಒಂದು ವಿಚಿತ್ರವೂ ಉಂಟು. ಸರೋವರ ಹೆಪ್ಪುಗಟ್ಟದೆ ತೆರೆದೇ ಇದ್ದರೆ, ಅದರ ಮೇಲೆ ಬೀಸಿದ ತಣ್ಣನೆಯ ಗಾಳಿ ನೀರಾವಿ ಹೀರಿಕೊಂಡು ಬಂದು ದಂಡೆಯ ಮೇಲೆ ಹಿಮವನ್ನು ರಾಶಿಯಾಗಿ ಸುರಿಯುತ್ತದೆ! ಬೆಚ್ಚಗಾದದ್ದರಿಂದಲೇ ಒಂದು ಊರಿಗೆ ಹೆಚ್ಚು ಹಿಮ. ಆದ್ದರಿಂದ ಒಂದು ದಿನದ ಬಿರುಗಾಳಿಯನ್ನೋ ಒಂದು ವರ್ಷದ ಚಳಿಯನ್ನೋ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ದಶಕಗಳ ಲೆಕ್ಕವೇ ಬೇಕು.

ಈಗ ಲೆಕ್ಕದ ಪುಸ್ತಕದ ಆ ಇನ್ನೊಂದು ಪುಟ. ಚಳಿ ಕೆನಡಾಕ್ಕೆ ಮಾಡಿಕೊಡುತ್ತಿದ್ದ ಕೆಲಸಗಳ ಪಟ್ಟಿ ಅದು.

ಕಾಡಿನ ಕಾವಲು ಮೊದಲನೆಯದು. ಪಶ್ಚಿಮದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಪೈನ್ ಕಾಡುಗಳಲ್ಲಿ ಭತ್ತದ ಕಾಳಿನಷ್ಟು ದೊಡ್ಡ ಕಪ್ಪು ದುಂಬಿಯೊಂದಿದೆ. ತೊಗಟೆಯ ಕೆಳಗೆ ಕೊರೆದು ಅಲ್ಲೇ ಮೊಟ್ಟೆಯಿಟ್ಟು ಮರವನ್ನು ಕೊಲ್ಲುತ್ತದೆ. ಅದರ ಮರಿಹುಳುಗಳು ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಸಾಧಾರಣ ಚಳಿಯನ್ನು ತಡೆದುಕೊಳ್ಳುತ್ತವೆ. ಮೈನಸ್ 35, ಮೈನಸ್ 40ರ ಚಳಿ ಕೆಲವು ದಿನ ಬಿಡದೆ ಕಾಡಿದರೆ ಮಾತ್ರ ಸಾಯುತ್ತವೆ. ಆ ಕಡುಚಳಿ ಅಪರೂಪವಾದದ್ದೇ ತಡ, 1990ರ ದಶಕದಿಂದ ದುಂಬಿಯ ಸಂತತಿ ಮಿತಿಮೀರಿತು. ಅಲ್ಲಿ ಹಿಂದೆ ಕಾಡಿನ ಬೆಂಕಿಯನ್ನು ಬೇಗ ಆರಿಸುತ್ತಿದ್ದುದರಿಂದ ವಯಸ್ಸಾದ ಮರಗಳು ಹೆಚ್ಚಿದ್ದುದೂ ದುಂಬಿಗೆ ಅನುಕೂಲವಾಯಿತು. ಅದು ದಾಳಿಯಿಟ್ಟ ಕಾಡು ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣ 1 ಕೋಟಿ 92 ಲಕ್ಷ ಹೆಕ್ಟೇರಿಗಿಂತ ಕಡಿಮೆ ಎಂದರೆ ಆ ನಷ್ಟದ ಅಂದಾಜು ಸಿಕ್ಕೀತು.

ಎರಡನೆಯದು ಹೊದಿಕೆಯ ಕೆಲಸ. ಹಿಮದಲ್ಲಿ ಗಾಳಿ ತುಂಬಿರುವುದರಿಂದ ಅದು ಒಳ್ಳೆಯ ಕಂಬಳಿ. ಹೊರಗೆ ಮೈನಸ್ 25 ಇದ್ದರೂ ದಪ್ಪ ಹಿಮದ ಕೆಳಗಿನ ಮಣ್ಣು ಸೊನ್ನೆಗೆ ಹತ್ತಿರದಲ್ಲೇ ಇರಬಲ್ಲದು. ಶರತ್ಕಾಲದಲ್ಲಿ ಬಿತ್ತಿ ಬೇಸಗೆಯಲ್ಲಿ ಕುಯ್ಯುವ ಗೋಧಿಯ ಬೇರು ಬದುಕುವುದು ಈ ಕಂಬಳಿಯ ಕೆಳಗೇ. ಹಿಮವಿಲ್ಲದೆ ಬರಿನೆಲವಿದ್ದಾಗ ಹಠಾತ್ತನೆ ಕಡುಚಳಿ ಎರಗಿದರೆ ಬೇರಿಗೆ ಉಳಿಗಾಲವಿಲ್ಲ. ಹದ ತಪ್ಪಿದ ಚಳಿ ಗಿಡಗಳನ್ನು ಮೋಸಗೊಳಿಸುವುದೂ ಉಂಟು. ಬ್ರಿಟಿಷ್ ಕೊಲಂಬಿಯದ ಓಕನಾಗನ್ ಕಣಿವೆಯಲ್ಲಿ 2023ರ ಡಿಸೆಂಬರ್ ಬೆಚ್ಚಗಿತ್ತು. 2024ರ ಜನವರಿಯಲ್ಲಿ ಒಮ್ಮೆಲೇ ಕಡುಚಳಿ ಬಡಿಯಿತು. ದ್ರಾಕ್ಷಿಯ ಮೊಗ್ಗುಗಳು ಸತ್ತು ಆ ವರ್ಷದ ಬೆಳೆಯ ಬಹುಪಾಲು ಕೈಬಿಟ್ಟುಹೋಯಿತು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ರಸ್ತೆ ಕಟ್ಟುವ ಕೆಲಸ. ಕೆನಡಾದ ಉತ್ತರ ಭಾಗದಲ್ಲಿ, ಅದರಲ್ಲೂ ಒಂಟಾರಿಯೊ ಮತ್ತು ಮನಿಟೋಬ ಪ್ರಾಂತಗಳ ಉತ್ತರದಲ್ಲಿ, ಮೂಲನಿವಾಸಿಗಳ ಎಷ್ಟೋ ಹಳ್ಳಿಗಳಿಗೆ ಡಾಂಬರು ರಸ್ತೆಯಿಲ್ಲ, ಮಣ್ಣಿನ ರಸ್ತೆಯೂ ಇಲ್ಲ. ಸುತ್ತಲೂ ಕೆರೆ, ನದಿ, ಜೌಗು. ಚಳಿಗಾಲದಲ್ಲಿ ಇವೆಲ್ಲ ಹೆಪ್ಪುಗಟ್ಟಿದಾಗ ಅವುಗಳ ಮೇಲೆಯೇ ಲಾರಿಗಳು ಓಡುತ್ತವೆ. ಇಡೀ ವರ್ಷಕ್ಕೆ ಬೇಕಾದ ಡೀಸೆಲ್, ಮನೆ ಕಟ್ಟುವ ಮರಮುಟ್ಟು, ಭಾರದ ಯಂತ್ರಗಳು ಆ ಕೆಲವೇ ವಾರಗಳಲ್ಲಿ ಬಂದು ಸೇರಬೇಕು. ತಪ್ಪಿದರೆ ವಿಮಾನವೇ ಗತಿ. ವಿಮಾನದಲ್ಲಿ ಬಂದ ಹಾಲು, ತರಕಾರಿಗಳ ಬೆಲೆ ಕೇಳುವುದೇ ಬೇಡ. ಮನೆ ಕಟ್ಟುವ ತೊಲೆಯನ್ನಂತೂ ವಿಮಾನದಲ್ಲಿ ತರಿಸಿ ಪೂರೈಸುವುದಿಲ್ಲ.

ಇಲ್ಲಿ ಒಂದು ಸರಳ ಗಣಿತವಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಲಾರ್ನ್ ಗೋಲ್ಡ್ ಎಂಬ ವಿಜ್ಞಾನಿ ಮಂಜುಗಡ್ಡೆ ಎಷ್ಟು ಭಾರ ಹೊರಬಲ್ಲದೆಂದು ತಿಳಿಯಲು ಒಂದು ಸೂತ್ರ ಕೊಟ್ಟಿದ್ದಾರೆ. ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು ಸುಮಾರು ನಾಲ್ಕರಿಂದ ಗುಣಿಸಿ. ಬಂದ ಉತ್ತರ ಕಿಲೋಗ್ರಾಂಗಳಲ್ಲಿ. 100 ಸೆಂಟಿಮೀಟರ್ ದಪ್ಪವಿದ್ದರೆ 40,000 ಕಿಲೋ, ಅಂದರೆ 40 ಟನ್. ದಪ್ಪ 70 ಸೆಂಟಿಮೀಟರಿಗೆ ಇಳಿದರೆ? 20 ಟನ್ ಕೂಡ ಇಲ್ಲ. ದಪ್ಪ ಮೂರನೆಯ ಒಂದು ಪಾಲೂ ಕಡಿಮೆಯಾಗಿಲ್ಲ, ಹೊರುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಿತ್ತು. ಇದು ಗಟ್ಟಿಯಾದ ತಿಳಿ ಮಂಜುಗಡ್ಡೆಯ ಲೆಕ್ಕ. ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಮಂಜುಗಡ್ಡೆ ಇನ್ನೂ ದುರ್ಬಲ. ತುಂಬಿದ ಲಾರಿ ಬರುವಂತಿಲ್ಲ, ಅರ್ಧ ತುಂಬಿದ್ದು ಬರಬಹುದು. ಆದರೆ ಎರಡು ಸಲ ಓಡಾಡಲು ಋತುವೇ ಉಳಿದಿರುವುದಿಲ್ಲ.

2006ರಲ್ಲಿ ವಾಯವ್ಯ ಪ್ರಾಂತದ ವಜ್ರದ ಗಣಿಗಳಿಗೆ ಹೋಗುವ ಮಂಜುಗಡ್ಡೆಯ ರಸ್ತೆ ಬೇಗನೆ ಮುಚ್ಚಿಹೋಯಿತು. ಗಣಿ ಕಂಪನಿಗಳು ಇಂಧನವನ್ನೂ ಯಂತ್ರಗಳನ್ನೂ ವಿಮಾನದಲ್ಲಿ ತರಿಸಿಕೊಂಡವು. ವಜ್ರದ ವ್ಯಾಪಾರಿಗೆ ಅದು ಸಾಧ್ಯ. 2024ರ ಫೆಬ್ರವರಿಯಲ್ಲಿ ಉತ್ತರ ಒಂಟಾರಿಯೊದ ಮೂಲನಿವಾಸಿಗಳ ಸಂಘಟನೆ ನಿಶ್ನಾಬೆ ಆಸ್ಕಿ ನೇಷನ್ ತಮ್ಮ ಚಳಿಗಾಲದ ರಸ್ತೆಗಳು ಕೈಕೊಟ್ಟವೆಂದು ತುರ್ತುಸ್ಥಿತಿಯನ್ನೇ ಸಾರಬೇಕಾಯಿತು. ಆ ಹಳ್ಳಿಗಳವರಿಗೆ ವಜ್ರದ ಗಣಿಯ ಆಸರೆಯಿಲ್ಲ.

ಹಾಗಾದರೆ ಪಕ್ಕಾ ರಸ್ತೆ ಕಟ್ಟಿದರಾಯಿತಲ್ಲ? ಒಂದು ಕಡೆ ಕಟ್ಟಿದ್ದಾರೆ. ಆರ್ಕ್‌ಟಿಕ್ ಸಾಗರದ ದಂಡೆಯ ಟುಕ್ಟೊಯಾಕ್ಟಕ್ ಎಂಬ ಊರಿಗೆ ಇನುವಿಕ್‌ನಿಂದ ಮೊದಲು ಮಂಜುಗಡ್ಡೆಯ ರಸ್ತೆಯಿತ್ತು. ಅದರ ಬದಲು ಸರ್ವಋತು ರಸ್ತೆ 2017ರ ನವೆಂಬರಿನಲ್ಲಿ ತೆರೆಯಿತು. ಉದ್ದ ಸುಮಾರು 138 ಕಿಲೋಮೀಟರ್. ತಗುಲಿದ ವೆಚ್ಚ ಸುಮಾರು 30 ಕೋಟಿ ಕೆನಡಾ ಡಾಲರ್. ಚಳಿ ಪ್ರತಿವರ್ಷ ಬಿಟ್ಟಿಯಾಗಿ ಹಾಸಿಕೊಡುತ್ತಿದ್ದ ದಾರಿಯ ಬೆಲೆ ಏನೆಂಬುದು ಆಗ ಗೊತ್ತಾಯಿತು. ಹೊಸ ರಸ್ತೆ ನಿಂತಿರುವುದೂ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿರುವ ನೆಲದ ಮೇಲೆ. ಆ ನೆಲ ಮೆತ್ತಗಾದರೆ ರಸ್ತೆ ಕುಸಿಯುತ್ತದೆ, ರಿಪೇರಿಯ ಖರ್ಚು ಬೇರೆ.

ಇದರಲ್ಲಿ ನ್ಯಾಯದ ಮಾತೂ ಇದೆ. ತಲಾವಾರು ಲೆಕ್ಕದಲ್ಲಿ ಹಸಿರುಮನೆ ಅನಿಲಗಳನ್ನು ಅತಿ ಹೆಚ್ಚು ಉಗುಳುವ ದೇಶಗಳ ಸಾಲಿನಲ್ಲಿ ಕೆನಡಾವೂ ನಿಂತಿದೆ. ಈ ಅನಿಲಗಳನ್ನು ತಗ್ಗಿಸುವ ಕ್ಯೋಟೊ ಒಪ್ಪಂದದಿಂದ ಹೊರನಡೆಯುವುದಾಗಿ 2011ರ ಡಿಸೆಂಬರಿನಲ್ಲಿ ಅದು ಘೋಷಿಸಿತು. ಅನಿಲ ಹೊರಬಂದದ್ದು ಹೆಚ್ಚಾಗಿ ದಕ್ಷಿಣದ ಕಾರು, ಕಾರ್ಖಾನೆ, ತೈಲಬಾವಿಗಳಿಂದ. ರಸ್ತೆ ಕರಗಿದ್ದು ಉತ್ತರದ ಹಳ್ಳಿಗಳಲ್ಲಿ.

ಒಟ್ಟಾವದಲ್ಲಿ ಮಂಜುಗಡ್ಡೆಯ ದಪ್ಪ 30 ಸೆಂಟಿಮೀಟರ್ ಆಗದಿದ್ದರೆ ಮಕ್ಕಳಿಗೆ ಆಟ ತಪ್ಪುತ್ತದೆ. ಅವರು ಬೂಟು ಬಿಚ್ಚಿಟ್ಟು ಮುಂದಿನ ವರ್ಷಕ್ಕಾಗಿ ಕಾಯಬಹುದು. ಉತ್ತರದ ಹಳ್ಳಿಯಲ್ಲಿ ಅದು ಒಂದು ಮೀಟರ್ ಆಗದಿದ್ದರೆ ಡೀಸೆಲ್ ಬರುವುದಿಲ್ಲ, ಕಟ್ಟಬೇಕಾದ ಮನೆ ಕಟ್ಟಿ ಮುಗಿಯುವುದಿಲ್ಲ. ಅಲ್ಲಿ ಮುಂದಿನ ವರ್ಷದವರೆಗೆ ಕಾಯುವುದೆಂದರೆ ಇರುವ ಇಕ್ಕಟ್ಟಾದ ಮನೆಯಲ್ಲೇ ಇನ್ನೊಂದು ಚಳಿಗಾಲ ಕಳೆಯುವುದು. ಚಳಿ ಎಷ್ಟೇ ಕಡಿಮೆಯಾಗಿದ್ದರೂ ಅದೂ ಮೈನಸ್ 30ರ ಚಳಿಯೇ.