ಮಾಲ್ಟಾದ ನೂರು ಟನ್ ಫಿರಂಗಿ

ಹತ್ತೊಂಬತ್ತನೆಯ ಶತಮಾನದ ಯಂತ್ರವಿದ್ಯೆಯನ್ನು ಬೋಧಿಸುವಾಗ ನಾವು ರೈಲು, ತಂತಿ, ಹಬೆಯ ಹಡಗುಗಳನ್ನು ಹೊಗಳಿ ಮುಂದೆ ಸಾಗುತ್ತೇವೆ. ಅದೇ ಕಬ್ಬಿಣವೂ ಅದೇ ಹಬೆಯೂ ಕಡಲತೀರದ ಕೋಟೆಗಳಲ್ಲಿ ಏನು ಮಾಡಿದವೆಂಬುದನ್ನು ಹೇಳುವುದಿಲ್ಲ. ಹೇಳಬೇಕೆಂಬುದು ನನ್ನ ಅಭಿಪ್ರಾಯ.

1859ರಲ್ಲಿ ಫ್ರಾನ್ಸಿನ ‘ಗ್ಲ್ವಾರ್’, ಮರುವರ್ಷ ಇಂಗ್ಲೆಂಡಿನ ‘ವಾರಿಯರ್’ ಕಬ್ಬಿಣದ ಕವಚ ತೊಟ್ಟು ಕಡಲಿಗಿಳಿದವು. ಕವಚ ದಪ್ಪವಾದಂತೆಲ್ಲ ಫಿರಂಗಿಯೂ ಬೆಳೆಯಿತು. 1876ರಲ್ಲಿ ಇಟಲಿ ನೀರಿಗಿಳಿಸಿದ ‘ದುಯಿಲಿಯೊ’ ಹಡಗಿಗೆ ತಲಾ ನೂರು ಟನ್ ತೂಕದ ನಾಲ್ಕು ಫಿರಂಗಿಗಳು. ತಯಾರಿಸಿಕೊಟ್ಟವರು ಇಂಗ್ಲೆಂಡಿನವರೇ ಆದ ಆರ್ಮ್‌ಸ್ಟ್ರಾಂಗ್ ಕಂಪನಿ. ಸೂಯೆಜ್ ಮೂಲಕ ಭಾರತಕ್ಕೆ ಬರುವ ಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳುತ್ತಿದ್ದ ಮಾಲ್ಟಾ ದ್ವೀಪದ ಬಗ್ಗೆ ಬ್ರಿಟಿಷರಿಗೆ ಭೀತಿ ಹುಟ್ಟಿತು. ಅವರೂ ಅದೇ ಕಂಪನಿಯಿಂದ ಅಂಥವೇ ನಾಲ್ಕನ್ನು ಕೊಂಡು, ಎರಡನ್ನು ಮಾಲ್ಟಾದಲ್ಲೂ ಎರಡನ್ನು ಜಿಬ್ರಾಲ್ಟರಿನಲ್ಲೂ ನಿಲ್ಲಿಸಿದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ ಅಲ್ಲವೆ?

ಯಂತ್ರವೇನೋ ಅದ್ಭುತ. ನಳಿಗೆಯ ಬಾಯಿ 450 ಮಿಲಿಮೀಟರ್ ಅಗಲ. ಗುಂಡು ಸುಮಾರು 900 ಕಿಲೋ. ಆಳುಗಳು ಎತ್ತಿ ತುಂಬುವ ಮಾತೇ ಇಲ್ಲ. ಹಬೆಯಂತ್ರವು ನೀರಿಗೆ ಒತ್ತಡ ಕೊಡುತ್ತಿತ್ತು; ಆ ನೀರಿನ ಬಲವೇ ಫಿರಂಗಿಯನ್ನು ತಿರುಗಿಸಿ, ಮೂತಿಯನ್ನು ಗೋಡೆಯ ಕಿಂಡಿಗೆ ಬಗ್ಗಿಸಿ, ನಳಿಗೆ ತೊಳೆದು, ಮದ್ದುಗುಂಡುಗಳನ್ನು ಒಳಗೆ ದೂಡುತ್ತಿತ್ತು. ಒಂದು ಹೊಡೆತಕ್ಕೆ ಸುಮಾರು ಆರು ನಿಮಿಷ.

ಆದರೆ ಬಾಯಿಯಿಂದ ತುಂಬುವ ಫಿರಂಗಿಗಳ ಕಾಲವೇ ಆಗ ಮುಗಿಯುತ್ತಿತ್ತು. 1879ರಲ್ಲಿ ‘ಥಂಡರರ್’ ಹಡಗಿನಲ್ಲಿ ಮೊದಲ ಮದ್ದು ಹೊತ್ತಿಕೊಳ್ಳದಿದ್ದುದು ಗದ್ದಲದಲ್ಲಿ ಯಾರಿಗೂ ತಿಳಿಯದೆ, ಅದರ ಮೇಲೆಯೇ ಮತ್ತೊಮ್ಮೆ ತುಂಬಿದ್ದರಿಂದ ಫಿರಂಗಿ ಸಿಡಿದು ಹನ್ನೊಂದು ಜನ ಸತ್ತರು. ಹಿಂಬದಿಯಿಂದ ತುಂಬುವ ಪದ್ಧತಿಗೆ ಬ್ರಿಟಿಷ್ ನೌಕಾಪಡೆ ಹೊರಳಿತು. 1880ರ ದಶಕದಲ್ಲಿ ಮಾಲ್ಟಾದ ಫಿರಂಗಿ ನೆಲೆಗೊಳ್ಳುವ ಹೊತ್ತಿಗೆ ಅದು ಹಳತಾಗಿತ್ತು. ವೈರಿಯ ಮೇಲೆ ಒಂದೂ ಗುಂಡು ಹಾರಿಸದೆ 1906ರಲ್ಲಿ ನಿವೃತ್ತವಾಯಿತು.

ವೈರಿ ಬಾರದಿದ್ದುದೇ ಅದರ ಸಾರ್ಥಕ್ಯವೆಂದು ವಾದಿಸುವವರುಂಟು. ಒಪ್ಪಲಾರೆ. 1887ರಲ್ಲಿಯೇ ಬ್ರಿಟನ್ ಮತ್ತು ಇಟಲಿ ಮೆಡಿಟರೇನಿಯನ್ ಸಮುದ್ರದ ಯಥಾಸ್ಥಿತಿಯನ್ನು ಕಾಯುವುದೆಂದು ಒಪ್ಪಂದ ಮಾಡಿಕೊಂಡಿದ್ದವು. ಕೆಲಸ ಮಾಡಿದ್ದು ಕಾಗದ. ಕೀರ್ತಿಯನ್ನು ಕಬ್ಬಿಣಕ್ಕೆ ಕೊಡುವುದು ನ್ಯಾಯವಲ್ಲ.

ಮಾಲ್ಟಾದ ರಿನೆಲ್ಲಾ ಕೋಟೆಯಲ್ಲಿ ಆ ಫಿರಂಗಿ ಇಂದಿಗೂ ಇದೆ. ರೈಲಿನ ಪಾಠ ಮಾಡುವ ದಿನ ಉಪಾಧ್ಯಾಯರು ಅದರ ಚಿತ್ರವನ್ನೂ ತರಗತಿಗೆ ಒಯ್ಯಲಿ. ಬೆಲೆ ತೆತ್ತವರು ಯಾರೆಂದು ಮಕ್ಕಳೇ ಕೇಳುತ್ತಾರೆ.