ದನಿಗೆ ಶಾಲು ಹೊದಿಸುವವರಿಗೆ

ನಮ್ಮ ಕಡೆ ಹಿರಿಯ ಕಲಾವಿದರಿಗೆ ಸನ್ಮಾನ ಮಾಡುವುದಕ್ಕೆ ಒಂದು ಕ್ರಮವಿದೆ. ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ ಆ ಕ್ರಮ ತಪ್ಪುವುದಿಲ್ಲ. ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿ ಶಾಲು, ಕೊರಳಿಗೆ ಗಂಧದ ಹಾರ, ಕೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಕೊನೆಗೊಂದು ಫಲಕ. ಫಲಕದಲ್ಲಿ ಹೆಸರು ತಪ್ಪಿಲ್ಲದೆ ಬಂದಿದ್ದರೆ ಅದು ಕಲಾವಿದರ ಪುಣ್ಯ.

ಯಾರನ್ನು ಸನ್ಮಾನಿಸಬೇಕೆಂದು ಸಮಿತಿಯವರು ಕೂತು ಮಾತಾಡುವಾಗ ರೇಡಿಯೋ ಕಲಾವಿದರ ಹೆಸರು ಬಂದರೆ ಒಬ್ಬರಾದರೂ ಕೇಳುತ್ತಾರೆ: "ಸಿನಿಮಾದಲ್ಲಿ ಮಾಡಿದ್ದಾರಾ? ಇಲ್ಲ ರೇಡಿಯೋದಲ್ಲಿ ಮಾತ್ರವಾ?" ಈ 'ಮಾತ್ರ' ಎಂಬ ಪದದ ಮೇಲೇ ನನ್ನ ಜಗಳ. ಅದನ್ನು ಆಡುವವರು ಸಾಮಾನ್ಯವಾಗಿ ಗಂಡಸರು. ಅವರಿಗೆ ನಾಟಕ ನೋಡಲು ಟೆಂಟು ಇತ್ತು, ರಾತ್ರಿಯೆಲ್ಲಾ ಬಯಲಾಟವಿತ್ತು, ಬೆಂಗಳೂರಿನ ಬಸ್ಸಿತ್ತು. ನಮಗಿದ್ದದ್ದು ಅಡುಗೆಮನೆಯ ಗೂಡಿನಲ್ಲಿ ಕೂತ ರೇಡಿಯೋ ಮಾತ್ರ. ನೋಡಿ, ನಾನೂ 'ಮಾತ್ರ' ಎಂದೆ. ಆದರೆ ನಮ್ಮ 'ಮಾತ್ರ'ದಲ್ಲಿ ಒಂದು ರಂಗಭೂಮಿಯೇ ಇತ್ತು.

ಎ.ಎಸ್. ಮೂರ್ತಿಯವರ ಹೆಸರು ಹೇಳಿದರೆ ಇವತ್ತು ಎಷ್ಟೋ ಜನಕ್ಕೆ ತಕ್ಷಣ ಹೊಳೆಯುವುದಿಲ್ಲ. 'ಆಕಾಶವಾಣಿ ಈರಣ್ಣ' ಎನ್ನಿ, ಐವತ್ತು ದಾಟಿದ ನಮ್ಮಂಥವರು "ಓ, ಅವರಾ!" ಎಂದು ಕೈಯಲ್ಲಿನ ಕೆಲಸ ಬಿಟ್ಟು ತಿರುಗುತ್ತೇವೆ. ಪಾತ್ರದ ಹೆಸರು ಮನುಷ್ಯನ ಹೆಸರನ್ನೇ ನುಂಗಿತು ಎಂದರೆ ಆ ದನಿ ಎಷ್ಟು ಮನೆಗಳಲ್ಲಿ ಹೊಕ್ಕು ಬಳಕೆಯಾಗಿತ್ತು ಎಂದು ಯೋಚಿಸಿ. ಇವರ ತಂದೆ ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ಕಟ್ಟಿದ ಚಿತ್ರಕಲಾವಿದರು. ಬಣ್ಣ, ಕುಂಚ, ಕ್ಯಾನ್ವಾಸುಗಳ ಮನೆಯ ಮಗ ಹೆಸರು ಮಾಡಿದ್ದು ಕಣ್ಣಿಗೆ ಕಾಣದ ಕಲೆಯಲ್ಲಿ! ರೇಡಿಯೋ ಅಲ್ಲದೆ ಬೀದಿ ನಾಟಕ ಮಾಡಿದರು. ಓದುವವರೂ ಕೆಲಸಕ್ಕೆ ಹೋಗುವವರೂ ಭಾನುವಾರ ಬಂದು ನಟನೆ ಕಲಿಯಲಿ ಎಂದು 'ಅಭಿನಯ ತರಂಗ' ಎಂಬ ಶಾಲೆ ನಡೆಸಿದರು. 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ದೀರ್ಘವಾದ ಬದುಕಿನಲ್ಲಿ ಅವರು ಮೈಕಿನ ಮುಂದೆ ಆಡಿದ ಮಾತಿನಲ್ಲಿ ಎಷ್ಟನ್ನು ಇವತ್ತು ನೀವು, ನಾನು ಬೇಕೆಂದಾಗ ಕೇಳಬಹುದು?

ಆ ಪ್ರಶ್ನೆ ಹಾಗೇ ಇರಲಿ, ಮತ್ತೆ ಬರುತ್ತೇನೆ. ಮೊದಲು, ರೇಡಿಯೋ ನಟನೆ ಸುಲಭ ಎನ್ನುವವರಿಗೆ ಎರಡು ಮಾತು. ರಂಗದ ಮೇಲೆ ನಟನಿಗೆ ಬಣ್ಣ, ವೇಷ, ದೀಪ, ಎದುರಿಗೆ ಜನ ಎಲ್ಲಾ ಇರುತ್ತದೆ. ಸ್ಟುಡಿಯೋದಲ್ಲಿ ಇರುವುದು ಒಂದು ಮೈಕು, ಕೈಯಲ್ಲಿ ನಾಟಕದ ಹಾಳೆಗಳು. ಹಾಳೆ ತಿರುವಿದ ಸದ್ದು ಕೇಳಬಾರದು. ಗುಟ್ಟು ಹೇಳಬೇಕಾದರೆ ಮೈಕಿಗೆ ಹತ್ತಿರ ಬರಬೇಕು, ಬಾವಿಕಟ್ಟೆಯಿಂದ ಕೂಗಬೇಕಾದರೆ ಮುಖ ತಿರುಗಿಸಿ ಹಿಂದೆ ಸರಿಯಬೇಕು. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ ಬರುತ್ತಿತ್ತು. ಅಳುವಾಗ ಕಣ್ಣೀರು ಕಾಣುವುದಿಲ್ಲ, ಉಸಿರಿನಲ್ಲೇ ತೋರಿಸಬೇಕು. ಯಮುನಾ ಮೂರ್ತಿಯವರಂಥ ಕಲಾವಿದೆಯರು ಬೆಂಗಳೂರು ಆಕಾಶವಾಣಿಯ ನಾಟಕಗಳಲ್ಲಿ ಮಾಡುತ್ತಿದ್ದದ್ದು ಇದನ್ನೇ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ರಂಗ ಹತ್ತಲು ಬಿಡದ ಕಾಲದಲ್ಲಿ, ಮುಖ ಕಾಣುವುದಿಲ್ಲವಲ್ಲ ಎಂಬ ಒಂದೇ ನೆಪದಲ್ಲಿ ರೇಡಿಯೋದ ಬಾಗಿಲು ಸ್ವಲ್ಪ ತೆರೆದಿತ್ತು. ಕೇಳುವ ನಮಗೂ ಅದೇ ನೆಪ ಕೆಲಸಕ್ಕೆ ಬಂತು. ನಾಟಕಕ್ಕೆ ಹೋಗುತ್ತೇನೆ ಎಂದರೆ "ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ" ಎನ್ನುತ್ತಿದ್ದ ಹಿರಿಯರು, ಒಲೆಯ ಮುಂದೆ ಕೂತು ನಾಟಕ ಕೇಳುವುದಕ್ಕೆ ಏನೂ ಅನ್ನುತ್ತಿರಲಿಲ್ಲ. ಅನ್ನ ಸೀಯದಿದ್ದರೆ ಸಾಕು.

ಶಿಡ್ಲಘಟ್ಟದಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಮನೆಗಳಿಗೆ ಹೋಗಿ ಬರುತ್ತಿದ್ದೆ, ಅವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಕುದಿಯುವ ನೀರಿನಲ್ಲಿ ಗೂಡು ಹೊರಳುತ್ತಿರುತ್ತದೆ, ಎಳೆ ಕಣ್ತಪ್ಪಿದರೆ ನಷ್ಟ. ಕಣ್ಣೂ ಕೈಯೂ ಮಾಲೀಕರದ್ದು, ಕಿವಿ ಮಾತ್ರ ಅವರದ್ದು. ಅವರಲ್ಲೊಬ್ಬಾಕೆ ನನಗೆ ಹೇಳಿದ್ದರು, "ಟೀವಿ ಬಂದ್ಮೇಲೆ ನಮ್ಗೇನೂ ಇಲ್ದಂಗಾಯ್ತು ಮಿಸ್. ಅದು ನೋಡ್ಕೊಂಡು ಕುಂತ್ರೆ ಕೆಲ್ಸ ಆಗಲ್ಲ. ರೇಡಿಯೋ ಆಗಿದ್ರೆ ಕೆಲ್ಸಾನೂ ಆಗ್ತಿತ್ತು, ಕತೇನೂ ಆಗ್ತಿತ್ತು." ಬೆಂಗಳೂರಿನ 612 ಕಿಲೋಹರ್ಟ್ಸಿನ ಅಲೆ ಈ ಊರುಗಳಿಗೆ ತಂದುಕೊಟ್ಟದ್ದು ಏನು ಎಂದು ಪಂಡಿತರು ಬರೆಯಬಹುದು. ಆಕೆ ಹೇಳಿದ್ದಕ್ಕಿಂತ ಚೆನ್ನಾಗಿ ಬರೆಯಲಾರರು.

ಈಗ ಸನ್ಮಾನದ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಹಿರಿಯ ರೇಡಿಯೋ ಕಲಾವಿದರೊಬ್ಬರಿಗೆ ಸನ್ಮಾನವಿತ್ತು. ಊರಿನ ಹೆಸರೂ ಬೇಡ, ಸಂಘದ ಹೆಸರೂ ಬೇಡ. ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ, ಅದರಲ್ಲಿ ಹದಿಮೂರು ಕುರ್ಚಿಯವರು ಮಾತಾಡಿದರು. ಸ್ವಾಗತ, ಪ್ರಾಸ್ತಾವಿಕ, ಅಭಿನಂದನೆ, ಮುಖ್ಯ ಅತಿಥಿ, ಗೌರವ ಅತಿಥಿ, ವಿಶೇಷ ಆಹ್ವಾನಿತರು. ಎಲ್ಲರೂ "ಇವರ ಕಂಠಸಿರಿ" ಎಂದೇ ಹೊಗಳಿದರು. ಎರಡೂವರೆ ಗಂಟೆಯಾದ ಮೇಲೆ ಆ ಕಂಠಕ್ಕೆ ಮೈಕು ಬಂತು. ಜೊತೆಗೇ ನಿರೂಪಕರ ಚೀಟಿಯೂ ಬಂತು: ಸಮಯದ ಅಭಾವ, ಎರಡು ನಿಮಿಷ. ಆ ಹಿರಿಯರು ನಕ್ಕು, ಧನ್ಯವಾದ ಹೇಳಿ ಕೂತುಬಿಟ್ಟರು. ಹೆಂಗಸರೆಲ್ಲಾ ಹಿಂದಿನ ಸಾಲಿನಲ್ಲಿದ್ದೆವು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಏನಮ್ಮಾ, ಒಂದು ಕತೆ ಹೇಳಿಸಬಾರದಾಗಿತ್ತಾ? ಅದಕ್ಕೇ ನಾನು ಮೊಮ್ಮಗನ್ನ ಕಟ್ಟಿಕೊಂಡು ಬಂದಿದ್ದು" ಎಂದರು. ಹಾಡುಗಾರನನ್ನು ಕರೆದು ಹಾಡಿಸದೆ ಕಳಿಸುವುದನ್ನು ಯಾರೂ ಮಾಡುವುದಿಲ್ಲ. ಮಾತಿನ ಕಲಾವಿದನಿಗೆ ಮಾತ್ರ ಮಾತು ಕೊಡುವುದಿಲ್ಲ. ಇದನ್ನು ಗೌರವ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಉಳಿದ ದನಿಗಳ ಲೆಕ್ಕ. ಆರ್. ಗುರುರಾಜುಲು ನಾಯ್ಡು ಅವರನ್ನು ಎಲ್ಲರೂ ಬಲ್ಲಿರಿ. ಸಿನಿಮಾದಲ್ಲಿ ಅರುಣ್ ಕುಮಾರ್ ಎಂಬ ಹೆಸರಿನಲ್ಲಿ ನಟಿಸಿದವರು, ಹರಿಕಥೆಗೆ ನಿಂತರೆ ರಾತ್ರಿ ಕಳೆದದ್ದು ತಿಳಿಯುತ್ತಿರಲಿಲ್ಲ. ಅವರು ಹೋಗಿ ಎಷ್ಟೋ ಕಾಲವಾದರೂ ಇವತ್ತಿಗೂ ನಮ್ಮ ಹಳ್ಳಿಯ ದೇವಸ್ಥಾನದ ಧ್ವನಿವರ್ಧಕದಲ್ಲಿ ಆ ಕಥೆಗಳು ಕೇಳುತ್ತವೆ. ಕಾರಣ ಬಹಳ ಸರಳ. ಅವು ಕ್ಯಾಸೆಟ್ಟಾದವು, ಕ್ಯಾಸೆಟ್ಟು ಮಾರಾಟವಾಯಿತು, ಮಾರಾಟವಾದದ್ದು ಮನೆಮನೆಯಲ್ಲಿ ಉಳಿಯಿತು. ರೇಡಿಯೋದ ಮಾತು ಮಾರುವ ಸರಕಾಗಿರಲಿಲ್ಲ, ಗಾಳಿಯಲ್ಲಿ ಬಂದು ಗಾಳಿಯಲ್ಲಿ ಹೋಯಿತು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಮುದ್ರಿಸುವುದು ಪ್ರಸಾರ ಸಂಸ್ಥೆಗಳ ಪದ್ಧತಿಯಾಗಿತ್ತು, ಬಿಬಿಸಿಯಂಥ ಸಂಸ್ಥೆಯೂ ಹೀಗೆ ಎಷ್ಟನ್ನೋ ಕಳೆದುಕೊಂಡಿದೆ. ಆಗ ದುಡ್ಡಿರಲಿಲ್ಲ ಎನ್ನೋಣ. ಈಗ? ಒಂದು ಹಣ್ಣಿನ ಬುಟ್ಟಿಯ ದುಡ್ಡಿಗೆ ನೂರಾರು ಗಂಟೆಯ ದನಿ ಹಿಡಿಸುವ ಬೆರಳುದ್ದದ ಸಲಕರಣೆ ಸಿಗುತ್ತದೆ. ಅದನ್ನು ಮೊದಲು ಕೊಳ್ಳುವ ಬದಲು ನಾವು ಬುಟ್ಟಿಯನ್ನೇ ಕೊಳ್ಳುತ್ತೇವೆ.

ಇನ್ನೊಂದು ಮಾತು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಶುರುಮಾಡಿದರು. ಆ ನಿಲಯ 1955ರಲ್ಲಿ ಬೆಂಗಳೂರಿಗೆ ಬಂತು. 'ಆಕಾಶವಾಣಿ' ಎಂಬ ಅದರ ಹೆಸರು ಮುಂದೆ ದೇಶದ ರೇಡಿಯೋಗೇ ಹೆಸರಾಯಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬುದನ್ನೂ ಬಿಟ್ಟು ಆಕಾಶವಾಣಿ ಎಂದಷ್ಟೇ ಹೇಳಬೇಕೆಂದು ಆದೇಶವಾದಾಗ ನಮ್ಮವರೆಲ್ಲಾ ಎದೆಯುಬ್ಬಿಸಿದರು. ಹೆಸರು ನಮ್ಮದು ಎಂದು ಹಿಗ್ಗಿದವರಲ್ಲಿ ಒಬ್ಬರಾದರೂ, ಆ ಹೆಸರಿನ ಕೆಳಗೆ ಕೂತು ಮಾತಾಡಿದವರ ದನಿ ಎಲ್ಲಿದೆ ಎಂದು ಕೇಳಿದರೇ? ನನಗಂತೂ ಕೇಳಿಸಲಿಲ್ಲ.

ಕಥೆ ಹೇಳುವುದನ್ನು ಕೀಳುಗಾಣುವ ಚಾಳಿ ನಮ್ಮ ಶಾಲೆಗಳಿಂದಲೇ ಶುರು. 'ಈರಣ್ಣ' ಎಂಬ ಹೆಸರನ್ನೇ ನೋಡಿ. ಪುಸ್ತಕದಲ್ಲಿ ಅದು ವೀರಣ್ಣ. ನಮ್ಮ ಜನದ ಬಾಯಲ್ಲಿ ಈರಣ್ಣ. ಸರ್ಕಾರದ ರೇಡಿಯೋದಲ್ಲಿ ಈರಣ್ಣ ಈರಣ್ಣನಾಗಿಯೇ ಮೆರೆದ. ಶಾಲೆಯಲ್ಲಿ ಮಗು ಹಾಗೆ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಬರಹಕ್ಕೆ ಶುದ್ಧಿ ಬೇಕು, ಒಪ್ಪಿದೆ, ನಾನೂ ಕನ್ನಡ ಪಾಠ ಮಾಡುವವಳೇ. ಆದರೆ ಬಾಯಿಗೂ ಕೆಂಪು ಶಾಯಿ ಹಾಕಿದರೆ ಮಗು ಬಾಯನ್ನೇ ತೆರೆಯುವುದಿಲ್ಲ. ಚಿಂತಾಮಣಿ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಆಡುವವರು. ಅಲ್ಲೇ ಇರುವ ಕೈವಾರದ ತಾತಯ್ಯನವರು ಎರಡು ಭಾಷೆಯಲ್ಲೂ ಹಾಡಿದವರು, ಅವರಿಗೆ ಯಾರೂ ಅಂಕ ಕಳೆಯಲಿಲ್ಲ. ಅಂಥ ಊರಿನ ಮಕ್ಕಳಿಗೆ ಕಥೆ ಹೇಳಲು ನಿಲ್ಲಿಸಿದರೆ ಮೊದಲ ವಾಕ್ಯಕ್ಕೇ ತಿದ್ದುಪಡಿ.

ವಾರಕ್ಕೊಂದು ಪಿರಿಯಡ್ ಕಥೆಗೆ ಇಡೋಣವೆಂದು ಒಂದು ಶಾಲೆಯಲ್ಲಿ ನಾನು ಕೇಳಿದ್ದೆ. "ಕಥೆ ಹೇಳಿದರೆ ಪರ್ಸೆಂಟೇಜ್ ಬರುತ್ತದೆಯೇ ಮೇಡಂ?" ಎಂದರು ಮುಖ್ಯೋಪಾಧ್ಯಾಯರು. ಬರುವುದಿಲ್ಲ ಸಾರ್. ಆದರೆ ಹತ್ತನೇ ತರಗತಿಯ ಹುಡುಗಿ ಎದ್ದು ನಿಂತು ತನ್ನ ಹೆಸರು ಹೇಳುವುದಕ್ಕೂ ನಡುಗುತ್ತಾಳಲ್ಲ, ಆ ನಡುಕ ಹೋಗುತ್ತದೆ. ನಾಳೆ ಬ್ಯಾಂಕಿನಲ್ಲೋ, ಪೊಲೀಸ್ ಠಾಣೆಯಲ್ಲೋ, ಗಂಡನ ಮನೆಯಲ್ಲೋ ನಡೆದದ್ದನ್ನು ನಡೆದಂತೆ, ಮೊದಲಿನಿಂದ ಕೊನೆಯವರೆಗೆ ಹೇಳಬೇಕಾಗಿ ಬಂದಾಗ ಅವಳ ಗಂಟಲು ಕಟ್ಟುವುದಿಲ್ಲ. ಕಥೆ ಹೇಳುವುದೆಂದರೆ ಇನ್ನೇನು?

ರೇಡಿಯೋ ಕಾಲ ಮುಗಿಯಿತು, ಈಗ ಯಾಕೆ ಈ ಗೋಳು ಎನ್ನುವವರಿದ್ದಾರೆ. ನನ್ನ ಓರಗಿತ್ತಿಯ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಬಸ್ಸಿನಲ್ಲಿ ಎರಡು ಗಂಟೆ ಕಿವಿಗೆ ಸಿಕ್ಕಿಸಿಕೊಂಡು ಕಥೆ ಕೇಳುತ್ತಾಳೆ, ಎಲ್ಲಾ ಇಂಗ್ಲಿಷಿನವು. ಕಿವಿಯ ಹಸಿವು ಎಲ್ಲಿಗೂ ಹೋಗಿಲ್ಲ. ಬಡಿಸುವುದಕ್ಕೆ ನಾವು ಏನನ್ನೂ ಎತ್ತಿಟ್ಟಿಲ್ಲ, ಅಷ್ಟೇ.

ಆದ್ದರಿಂದ ಸಮಿತಿಯವರೇ, ಮುಂದಿನ ಸಲ ವೇದಿಕೆಯಲ್ಲಿ ನಾಲ್ಕು ಕುರ್ಚಿ ಹಾಕಿ, ಅಭಿನಂದನಾ ಭಾಷಣಗಳನ್ನು ಕೈಬಿಡಿ. ಕಲಾವಿದರಿಗೆ ಒಂದು ಗಂಟೆ ಬಿಟ್ಟುಕೊಡಿ. ಅದನ್ನು ಸರಿಯಾಗಿ ಧ್ವನಿಮುದ್ರಿಸಿ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಒಂದು ಪ್ರತಿ ಶಾಲೆಗೆ ಕೊಡಿ. ಆಕಾಶವಾಣಿಯವರ ಕಪಾಟಿನಲ್ಲಿ ಹಳೆಯದು ಉಳಿದಿದ್ದಷ್ಟನ್ನು, ಆಡಿದವರ ಹೆಸರು ಹೇಳಿ ಮತ್ತೆ ಪ್ರಸಾರ ಮಾಡಲಿ ಎಂದು ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಮತ್ತೆ ಓದುತ್ತಿರುವ ಅಕ್ಕತಂಗಿಯರಿಗೊಂದು ಮಾತು. ಎಂಬತ್ತರ, ತೊಂಬತ್ತರ ದಶಕಗಳಲ್ಲಿ ರೇಡಿಯೋ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ನಾಟಕ ಹಿಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೆವು. ಅಟ್ಟದ ಮೇಲಿನ ಡಬ್ಬದಲ್ಲಿ ಅಂಥ ಕ್ಯಾಸೆಟ್ಟುಗಳಿದ್ದರೆ ದಯವಿಟ್ಟು ಹಳೇ ಸಾಮಾನಿನವನಿಗೆ ಹಾಕಬೇಡಿ. ನಡುವೆ ಕುಕ್ಕರ್ ಕೂಗಿದ್ದರೂ, ಮಗು ಅತ್ತಿದ್ದರೂ ಪರವಾಗಿಲ್ಲ. ಸುರುಳಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಲ್ಲುಗಾಲಿಗೆ ಪೆನ್ಸಿಲ್ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ.