ಮುದ್ರೆ ಒಡೆದ ಫೈಲಿಗೆ ಗಲ್ಲಾಪೆಟ್ಟಿಗೆ ಬೀಗದಕೈ!

ಕುಟ್ಟ: ಗಡಿ ಊರಿನವರಿಗೆ ತಪಾಸಣೆ ಹೊಸದಲ್ಲ. 2021ರಲ್ಲಿ ಕೇರಳದಿಂದ ಬರುವವರು ಕೊರೊನಾ ನೆಗೆಟಿವ್ ರಿಪೋರ್ಟ್ ತೋರಿಸದೆ ಇಲ್ಲಿನ ಚೆಕ್‌ಪೋಸ್ಟ್ ದಾಟುವ ಹಾಗಿರಲಿಲ್ಲ. ಯಾವ ಲ್ಯಾಬು, ಯಾರ ಸಹಿ, ಯಾವ ತಾರೀಖು ಎಂದು ಕೇಳಿ ಒಳಗೆ ಬಿಟ್ಟ ಕಾಲ ಅದು. ಅದೇ ಊರಿನಲ್ಲಿ ಈಗ ಅಂಗಡಿ ಕಂಪ್ಯೂಟರಿಗೆ ಎಲ್ಲಿಂದಲೋ ಇಳಿಸಿಕೊಂಡ ಬಿಲ್ಲಿಂಗ್ ಪ್ರೋಗ್ರಾಮು, ಯಾರದ್ದು ಅಂತಲೂ ಕೇಳದೆ ಒಳಗೆ ನುಗ್ಗುತ್ತದೆ. ಇದೆಂಥ ಕಾವಲು ಸ್ವಾಮಿ?

ಫೈಲಿಗೂ ಸಹಿ ಉಂಟು. ತಕ್ಕಡಿ, ಬಟ್ಟುಗಳಿಗೆ ಇಲಾಖೆಯವರು ಮುದ್ರೆ ಹಾಕುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಪ್ರೋಗ್ರಾಮು ತಯಾರಿಸಿದ ಕಂಪನಿ ತನ್ನೊಬ್ಬರ ಬಳಿಯೇ ಇರುವ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುತ್ತದೆ. ಆಮೇಲೆ ಯಾರಾದರೂ ಒಳಗೆ ಒಂದಕ್ಷರ ತಿದ್ದಿದರೂ ಲೆಕ್ಕ ತಾಳೆಯಾಗೋದಿಲ್ಲ. ವಿಂಡೋಸ್‌ನಲ್ಲಿ ನೋಡೋದು ಅರ್ಧ ನಿಮಿಷದ ಕೆಲಸ. ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ‘ಡಿಜಿಟಲ್ ಸಿಗ್ನೇಚರ್ಸ್’ ಒತ್ತಿ. ಹೆಸರು ಆರಿಸಿ ‘ಡೀಟೇಲ್ಸ್’ ಒತ್ತಿದರೆ ಸಹಿ ಓಕೆ ಹೌದೋ ಅಲ್ಲವೋ ಅಂತ ಅದೇ ಹೇಳುತ್ತದೆ. ಆ ಪುಟವೇ ಇಲ್ಲವಾದರೆ ಸಹಿಯೇ ಇಲ್ಲ ಎಂದರ್ಥ.

ಈಗ ಪೆನ್‌ಡ್ರೈವಿನಲ್ಲಿ ಓಡಾಡುವ ‘ಕ್ರ್ಯಾಕ್’ ಮಾಲಿನ ಕತೆ ಕೇಳಿ. ಕ್ರ್ಯಾಕ್ ಅಂದರೇನು? ಕಂಪನಿಯ ಫೈಲನ್ನು ಯಾರೋ ಕೊರೆದು ತಿದ್ದಿದ್ದು. ತಿದ್ದಿದ ಕೂಡಲೇ ಮುದ್ರೆ ಒಡೆಯಿತು. ಕಳ್ಳ ಬರೀ ಬೀಗ ಮುರಿದನೋ, ಜೊತೆಗೆ ತನ್ನ ಆಳನ್ನೂ ಒಳಗೆ ಕೂರಿಸಿದನೋ, ಹೊರಗಿನಿಂದ ತಿಳಿಯೋದಿಲ್ಲ. ಸಾಲದ್ದಕ್ಕೆ ‘ಆಂಟಿವೈರಸ್ ಆಫ್ ಮಾಡಿ’ ಎಂಬ ಉಪದೇಶ ಬೇರೆ! ಆ ಕಂಪ್ಯೂಟರಿನಲ್ಲೇ ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ಲೆಕ್ಕ, ಸಾಲದ ಪಟ್ಟಿ ಎಲ್ಲ ಇರುತ್ತದೆ.

ಹಾಗಂತ ಮುದ್ರೆ ಸರಿ ಇದ್ದರೆ ಮಾಲೂ ಸರಿ ಅನ್ನೋ ಹಾಗಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಹೆಸರಾಂತ ಪ್ರೋಗ್ರಾಮಿನೊಳಗೇ ಕಳ್ಳರು ಸೇರಿಕೊಂಡರು. ಮುದ್ರೆ ಅಸಲಿ, ಕಂಪನಿ ಅಸಲಿ, ಆದರೂ 22 ಲಕ್ಷಕ್ಕೂ ಮೇಲ್ಪಟ್ಟು ಕಂಪ್ಯೂಟರಿಗೆ ವಿಷದ ಫೈಲು ಹೋಯಿತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್‌ಗಂತೂ ತೈವಾನಿನ ಎರಡು ಕಂಪನಿಗಳಿಂದ ಕದ್ದ ಕೀಲಿಯ ಸಹಿ ಬಿದ್ದಿತ್ತು.

ಫೋನಿನಲ್ಲಿ ಪರಿಸ್ಥಿತಿ ಇನ್ನೂ ಮೋಸ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲಿಗೂ ಸಹಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಆಂಡ್ರಾಯ್ಡ್ ಅದನ್ನು ಹಾಕಿಕೊಳ್ಳೋದೇ ಇಲ್ಲ. ಆದರೆ ಆ ಕೀಲಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಹೊಸ ಆವೃತ್ತಿ ಹಳೆಯ ಕೈಯಿಂದಲೇ ಬಂತೆ ಅಂತ ತಿಳಿದೀತು, ಆ ಕೈ ಯಾರದ್ದು ಅಂತಲ್ಲ. ಬಸ್ಸಿನಲ್ಲಿ ಕೂತು ಅದನ್ನು ಒತ್ತಿ ದುಡ್ಡು ಕಳಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಒಂದು ಮಾತು ನ್ಯಾಯಕ್ಕೆ. ಸಹಿಯ ಸರ್ಟಿಫಿಕೇಟಿಗೆ ಕಂಪನಿ ದುಡ್ಡು ಕಟ್ಟಬೇಕು. ಕಟ್ಟಲಾರದ ಸಣ್ಣ ತಯಾರಕರೂ ಇದ್ದಾರೆ, ಅವರೆಲ್ಲ ಕಳ್ಳರಲ್ಲ. ಅದಕ್ಕೇ ಗೋಣಿಕೊಪ್ಪಲಿನಿಂದಲೋ ವಿರಾಜಪೇಟೆಯಿಂದಲೋ ಪ್ರೋಗ್ರಾಮು ಹಾಕಲು ಬಂದವನನ್ನು ಮೊದಲೇ ಕೇಳಿ: ಮುದ್ರೆ ಇದೆಯೋ ಇಲ್ಲವೋ, ಇದ್ದರೆ ಅದರಲ್ಲಿ ಯಾವ ಹೆಸರು ಬರಬೇಕು? ಬಿಲ್ಲಿನ ಹಿಂದೆ ಬರೆದುಕೊಡಲಿ. ಆಂಟಿವೈರಸ್ ಆಫ್ ಮಾಡಿ ಅಂದನೋ, ಪೆನ್‌ಡ್ರೈವ್ ಅವನ ಜೇಬಿಗೇ ವಾಪಸು ಹೋಗಲಿ.